ಅಮ್ಮನ ಡಿ3 ಪೊಟ್ಟಣ: ಮನೆಯ ಹಿರಿಯರಿಗೆ ವಿಟಮಿನ್ ಡಿ ಕೊಡೋದು ಹೇಗೆ

ಕಳೆದ ವರ್ಷ ತಿಪಟೂರಿಗೆ ಹೋದಾಗ ಅಮ್ಮನ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಹಳೇ ಬಿಸ್ಕತ್ ಡಬ್ಬಿ ಅದು. ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ, ಯಾವ ಕಾಲದ್ದೋ ಒಂದು ಕೆಮ್ಮಿನ ಸಿರಪ್ಪು, ಇವುಗಳ ನಡುವೆ ಎಂಟು ವಿಟಮಿನ್ ಡಿ ಪೊಟ್ಟಣ ಇರಬೇಕಿತ್ತು. ಇದ್ದದ್ದು ಎರಡೇ. ತಂದು ಇನ್ನೂ ಒಂದು ವಾರ ಆಗಿರಲಿಲ್ಲ. "ದಿನಾ ರಾತ್ರಿ ಹಾಲಿಗೆ ಹಾಕ್ಕೊಂಡು ಕುಡೀತಿದ್ದೀನಿ ಕಣೇ, ಬಾಯಿಗೆ ಚೆನ್ನಾಗಿದೆ" ಅಂದಳು.

ಚೀಟಿಯಲ್ಲಿ ವಾರಕ್ಕೊಂದು ಅಂತಲೇ ಬರೆದಿತ್ತು, ಆದರೆ ಇಂಗ್ಲಿಷಿನಲ್ಲಿ, ಅದೂ ಡಾಕ್ಟರ ಕೈಬರಹದಲ್ಲಿ. ಮೆಡಿಕಲ್ ಶಾಪಿನ ಹುಡುಗ "ಹಾಲಲ್ಲಿ ಕಲಸಿ ಕುಡೀರಿ ಅಜ್ಜಿ" ಅಂದದ್ದಷ್ಟೇ ಅವಳಿಗೆ ನೆನಪು. ಒಂದು ಪೊಟ್ಟಣದಲ್ಲಿ 60,000 ಯೂನಿಟ್ (ಪೊಟ್ಟಣದ ಮೇಲೆ IU ಅಂತ ಇರುವ ಅಳತೆ) ಇರುತ್ತೆ. ಆರು ದಿನಕ್ಕೆ 3,60,000. ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದೆ, ರಕ್ತದ ಕ್ಯಾಲ್ಸಿಯಂ ಮತ್ತು ಕಿಡ್ನಿ ಟೆಸ್ಟ್ ಮಾಡಿಸಿದೆವು, ಎರಡೂ ಸರಿಯಾಗೇ ಬಂತು. ಉಳಿದೆರಡನ್ನು ಮುಟ್ಟಬೇಡಿ, ಮೂರು ತಿಂಗಳು ಬಿಟ್ಟು ನೋಡೋಣ ಅಂದರು. ನಮ್ಮ ಪುಣ್ಯ, ಅಷ್ಟಕ್ಕೇ ಮುಗೀತು. ನಾನು ಒಂದು ತಿಂಗಳು ತಡವಾಗಿ ಹೋಗಿ, ಅವಳು ಅಷ್ಟರಲ್ಲಿ ಇನ್ನೆರಡು ಸಲ ತರಿಸಿಕೊಂಡಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ಆಮೇಲೆ ಇದರ ಬಗ್ಗೆ ಕೂತು ಓದಿದೆ, ಡಾಕ್ಟರ ತಲೆಯನ್ನೂ ಸಾಕಷ್ಟು ತಿಂದೆ. ಅಪ್ಪ, ಅಮ್ಮ, ಅತ್ತೆ, ಮಾವ ಯಾರಿಗಾದರೂ ನೀವು ವಿಟಮಿನ್ ಡಿ ಕೊಡುತ್ತಿದ್ದರೆ ಉಪಯೋಗಕ್ಕೆ ಬರಲಿ ಅಂತ ಬರೀತಿದ್ದೀನಿ.

ಮೊದಲು ಪೊಟ್ಟಣ ಓದಿ

ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಟಾನಿಕ್ ಮೇಜಿನ ಮೇಲೆ ಸುರಿದುಕೊಳ್ಳಿ. ಒಂದೊಂದರ ಮೇಲೂ ಡಿ3, ಅಂದರೆ ಮಾತ್ರೆ ಪುಡಿಗಳಲ್ಲಿ ಬರುವ ವಿಟಮಿನ್ ಡಿ, ಎಷ್ಟಿದೆ ಅಂತ ನೋಡಿ ಬರೆದಿಡಿ. ಕೆಲವದರಲ್ಲಿ ಯೂನಿಟ್ ಅಂತ ಇರುತ್ತೆ, ಕೆಲವದರಲ್ಲಿ ಮೈಕ್ರೋಗ್ರಾಂ. 1 ಮೈಕ್ರೋಗ್ರಾಂ ಅಂದರೆ 40 ಯೂನಿಟ್, ಹಾಗಾಗಿ 20 ಮೈಕ್ರೋಗ್ರಾಂ ಅಂತ ಕಂಡರೆ ಅದು 800 ಯೂನಿಟ್. ಕ್ಯಾಲ್ಸಿಯಂ ಮಾತ್ರೆಯಲ್ಲಿ ಸಾಮಾನ್ಯವಾಗಿ 250ರಿಂದ 500 ಯೂನಿಟ್ ಡಿ3 ಮೊದಲೇ ಸೇರಿರುತ್ತೆ. ಮಲ್ಟಿವಿಟಮಿನ್‌ನಲ್ಲಿ ಸ್ವಲ್ಪ. ಮಗಳು ತಂದುಕೊಟ್ಟ ಪ್ರೋಟೀನ್ ಪುಡಿಯಲ್ಲಿ ಇನ್ನು ಸ್ವಲ್ಪ. ಇದೆಲ್ಲ ಕೂಡಿಸದೆ ಸುಮ್ನೆ ಇನ್ನೊಂದು ಶುರು ಮಾಡಬೇಡಿ.

ಇಲ್ಲೇ ಒಂದು ಮುಖ್ಯ ವಿಷಯ ಇದೆ. ಪೊಟ್ಟಣದ ಮೇಲೆ ಕೊಲೆಕ್ಯಾಲ್ಸಿಫೆರಾಲ್ ಅಂತ ಇದ್ದರೆ ಅದು ಮಾಮೂಲಿ ಡಿ3. ಕ್ಯಾಲ್ಸಿಟ್ರಿಯಾಲ್ ಅಂತ ಇದ್ದರೆ ಅದು ಬೇರೆಯೇ ಔಷಧಿ. ನಾವು ತಿಂದ ಡಿ3 ಮೊದಲು ಲಿವರ್‌ನಲ್ಲಿ ಒಂದು ಸಲ ಬದಲಾಗಿ, ಆಮೇಲೆ ಕಿಡ್ನಿಯಲ್ಲಿ ಇನ್ನೊಂದು ಸಲ ಬದಲಾಗಿ ಕೆಲಸಕ್ಕೆ ಬರುವ ರೂಪ ಪಡೆಯುತ್ತೆ. ಆ ಕೊನೆಯ ರೂಪವೇ ಕ್ಯಾಲ್ಸಿಟ್ರಿಯಾಲ್. ಎಷ್ಟು ಬೇಕೋ ಅಷ್ಟೇ ತಯಾರಿಸುವ ಕಿಡ್ನಿಯ ಕಾವಲು ಅದಕ್ಕೆ ಇರಲ್ಲ, ನೇರವಾಗಿ ಕ್ಯಾಲ್ಸಿಯಂ ಏರಿಸುತ್ತೆ. ಕಿಡ್ನಿ ಕಾಯಿಲೆ ಇರುವವರಿಗೆ, ಪ್ಯಾರಾಥೈರಾಯ್ಡ್ (ಕ್ಯಾಲ್ಸಿಯಂ ಹತೋಟಿಯಲ್ಲಿಡುವ, ಕತ್ತಿನಲ್ಲಿರುವ ಗ್ರಂಥಿ) ತೊಂದರೆ ಇರುವವರಿಗೆ ಡಾಕ್ಟರು ಯೋಚಿಸಿ ಕೊಡುವ ವಸ್ತು ಅದು. ನಮ್ಮಲ್ಲಿ ಎಷ್ಟೋ ಕ್ಯಾಲ್ಸಿಯಂ ಮಾತ್ರೆಗಳಲ್ಲಿ 0.25 ಮೈಕ್ರೋಗ್ರಾಂ ಕ್ಯಾಲ್ಸಿಟ್ರಿಯಾಲ್ ಸೇರಿಸಿ ಮಾರುತ್ತಾರೆ. ಅಂಥದ್ದು ಕಂಡರೆ ಇದು ಯಾಕೆ ಅಂತ ಡಾಕ್ಟರನ್ನು ಕೇಳಿ. ಕೇಳೋದಕ್ಕೆ ಸಂಕೋಚ ಬೇಡ.

ಟೆಸ್ಟ್ ಮಾಡಿಸಬೇಕಾ?

ಸುಸ್ತು ಅಂದರೆ ಟೆಸ್ಟ್, ಕೂದಲು ಉದುರಿದರೆ ಟೆಸ್ಟ್, ಹೆಲ್ತ್ ಪ್ಯಾಕೇಜಿನ ಜೊತೆ ಫ್ರೀ ಅಂತ ಟೆಸ್ಟ್. ಅಷ್ಟೆಲ್ಲ ಬೇಕಿಲ್ಲ. ಅಮೆರಿಕದ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಕೊಟ್ಟ ಸಲಹೆ ನೋಡಿದರೆ, ಆರೋಗ್ಯವಾಗಿರುವವರಿಗೆ ಸುಮ್ಮನೆ ಟೆಸ್ಟ್ ಮಾಡಿಸೋದು ಬೇಡ, 75 ದಾಟಿದವರಿಗೆ ಟೆಸ್ಟ್ ಇಲ್ಲದೆಯೂ ಸಣ್ಣ ಪ್ರಮಾಣದ ಡಿ ಕೊಡಬಹುದು ಅನ್ನುತ್ತೆ.

ಹಾಗಾದರೆ ಟೆಸ್ಟ್ ಯಾರಿಗೆ ಬೇಕು? ಸೊಂಟ, ತೊಡೆ, ಪಕ್ಕೆಲುಬಿನಲ್ಲಿ ತಿಂಗಳುಗಟ್ಟಲೆ ಆಳವಾದ ನೋವು ಇರುವವರಿಗೆ. ಕುರ್ಚಿಯಿಂದ ಕೈಯೂರದೆ ಏಳಲಾಗದವರಿಗೆ, ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಬಲವೇ ಇಲ್ಲ ಅನ್ನುವವರಿಗೆ. ಸಣ್ಣಗೆ ಬಿದ್ದು ಮೂಳೆ ಮುರಿದುಕೊಂಡವರಿಗೆ. ಫಿಟ್ಸ್ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡವರಿಗೆ, ಏಕೆಂದರೆ ಫೆನಿಟಾಯಿನ್ ಥರದ ಮಾತ್ರೆಗಳು ದೇಹದಲ್ಲಿರುವ ಡಿಯನ್ನು ಬೇಗ ಖಾಲಿ ಮಾಡುತ್ತವೆ. ಕರುಳಿನ ಕಾಯಿಲೆ ಇರುವವರು, ವರ್ಷಗಳಿಂದ ಹಾಸಿಗೆ ಬಿಟ್ಟು ಏಳದವರು ಕೂಡ ಈ ಪಟ್ಟಿಯಲ್ಲಿ ಬರುತ್ತಾರೆ.

ಕೇಳಬೇಕಾದ ಟೆಸ್ಟಿನ ಹೆಸರು 25 ಹೈಡ್ರಾಕ್ಸಿ ವಿಟಮಿನ್ ಡಿ. ರಿಪೋರ್ಟಿನಲ್ಲಿ ಸಂಖ್ಯೆಯ ಪಕ್ಕ ಇರುವ ಅಳತೆ ನೋಡಿ. ನ್ಯಾನೋಗ್ರಾಂ (ng/mL) ಲೆಕ್ಕದಲ್ಲಿ 20 ಅಂದರೆ ನ್ಯಾನೋಮೋಲ್ (nmol/L) ಲೆಕ್ಕದಲ್ಲಿ 50, ಎರಡೂ ಒಂದೇ. ನ್ಯಾನೋಗ್ರಾಂ ಲೆಕ್ಕದಲ್ಲಿ 12ಕ್ಕಿಂತ ಕೆಳಗಿದ್ದರೆ ನಿಜವಾದ ಕೊರತೆ, ಅದಕ್ಕೆ ಔಷಧಿ ಬೇಕೇ ಬೇಕು. 20 ದಾಟಿದರೆ ಮೂಳೆಗೆ ಹೆಚ್ಚಿನವರಿಗೆ ಸಾಕು. ಆದರೆ ಎಷ್ಟೋ ಲ್ಯಾಬ್‌ಗಳು 30ಕ್ಕಿಂತ ಕಡಿಮೆ ಇದ್ದದ್ದಕ್ಕೆಲ್ಲ ದಪ್ಪ ಅಕ್ಷರದಲ್ಲಿ ಕಮ್ಮಿ ಅಂತ ಹಾಕಿ ಕಳಿಸುತ್ತವೆ, ನಮ್ಮ ಹಿರಿಯರು ಅದನ್ನು ನೋಡಿ ರಾತ್ರಿಯೆಲ್ಲ ನಿದ್ದೆ ಬಿಡುತ್ತಾರೆ. 26 ಬಂತು ಅಂತ ಅಳಬೇಕಾಗಿಲ್ಲ. ಅದೇ 100 ದಾಟಿದ್ದರೆ ಯೋಚನೆ ಮಾಡಬೇಕು, 150 ದಾಟಿದ್ದರೆ ಅವತ್ತೇ ಡಾಕ್ಟರ ಹತ್ತಿರ ಓಡಬೇಕು.

ಎಷ್ಟು, ಯಾವಾಗ, ಹೇಗೆ

ವಯಸ್ಸಾದವರಿಗೆ ದಿನಕ್ಕೆ ಸುಮಾರು 800 ಯೂನಿಟ್ ಬೇಕು. ಡಾಕ್ಟರು ಹೇಳದೆ ದಿನಕ್ಕೆ 4000 ದಾಟಬಾರದು. ಇವೆರಡು ಸಂಖ್ಯೆ ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಈಗ 60,000ದ ಪೊಟ್ಟಣದ ಲೆಕ್ಕ ಹಾಕಿ. ತಿಂಗಳಿಗೊಂದು ತಗೊಂಡರೆ ದಿನಕ್ಕೆ 2000 ಬಿದ್ದ ಹಾಗೆ. ವಾರಕ್ಕೊಂದು ಅಂದರೆ ದಿನಕ್ಕೆ 8500ಕ್ಕೂ ಜಾಸ್ತಿ. ಇದನ್ನು ಕೊರತೆ ಇದ್ದವರಿಗೆ, ಸಾಮಾನ್ಯವಾಗಿ ಎಂಟು ವಾರ ಕೊಟ್ಟು ನಿಲ್ಲಿಸುತ್ತಾರೆ. ಬರಿದಾದ ತೊಟ್ಟಿ ತುಂಬಿಸಿದ ಹಾಗೆ, ತುಂಬಿದ ಮೇಲೆ ನಲ್ಲಿ ಸಣ್ಣಗೆ ಮಾಡಬೇಕು. ಎಂಟು ವಾರ ಮುಗಿದ ಮೇಲೂ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ವಾರವಾರ ನುಂಗುವವರನ್ನು ನಮ್ಮ ಬೀದಿಯಲ್ಲೇ ಇಬ್ಬರನ್ನು ನೋಡಿದ್ದೀನಿ. ಕೋರ್ಸ್ ಮುಗಿದ ದಿನವೇ ಮುಂದೇನು ಅಂತ ಡಾಕ್ಟರನ್ನು ಕೇಳಿ, ಹೊಸ ಚೀಟಿ ಬರೆಸಿಕೊಳ್ಳಿ. ಟೆಸ್ಟ್ ಮತ್ತೆ ಮಾಡಿಸೋದಿದ್ದರೆ ಮೂರು ತಿಂಗಳಾಗಲಿ. ರಕ್ತದಲ್ಲಿ ಡಿ ನಿಧಾನಕ್ಕೆ ಏರುತ್ತೆ, ನಿಧಾನಕ್ಕೆ ಇಳಿಯುತ್ತೆ, ಹದಿನೈದು ದಿನಕ್ಕೇ ಓಡಿದರೆ ದುಡ್ಡು ದಂಡ.

ಮರೆವು ಇರುವವರಿಗೆ, ಕಣ್ಣು ಮಂಜಾದವರಿಗೆ ನಾನು ಮಾಡಿದ ಉಪಾಯ ಹೇಳುತ್ತೀನಿ. ಎಂಟು ಪೊಟ್ಟಣವನ್ನೂ ಒಟ್ಟಿಗೆ ಅವರ ಕೈಗೆ ಕೊಡಬೇಡಿ. ಒಂದನ್ನು ಮಾತ್ರ ಡಬ್ಬಿಯಲ್ಲಿಡಿ, ಮಿಕ್ಕಿದ್ದು ಪಕ್ಕದ ಮನೆಯವರ ಹತ್ತಿರವೋ ಬೀರುವಿನಲ್ಲೋ ಇರಲಿ. ಒಂದೊಂದು ಪೊಟ್ಟಣದ ಮೇಲೂ ದಪ್ಪ ಪೆನ್ನಿನಲ್ಲಿ ಕನ್ನಡದಲ್ಲಿ ತಾರೀಖು ಬರೆಯಿರಿ. ಅಮ್ಮನಿಗೆ ತಾರೀಖಿಗಿಂತ ವಾರ ಸುಲಭ. ಆಮೇಲೆ ಮತ್ತೆ ಶುರು ಮಾಡಿದಾಗ ಗುರುವಾರ ರಾಯರ ಮಠಕ್ಕೆ ಹೋಗಿ ಬಂದ ಮೇಲೆ ಅಂತ ಮಾಡಿದೆ, ಒಂದು ಸಲವೂ ತಪ್ಪಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಖಾಲಿ ಪೊಟ್ಟಣದ ಫೋಟೋ ವಾಟ್ಸಾಪಿಗೆ ಕಳಿಸು ಅಂತಲೂ ಹೇಳಿದ್ದೆ. ಪೊಟ್ಟಣದ ಜೊತೆ ಅಂಗಳದ ದಾಸವಾಳದ ಫೋಟೋನೂ ಬರುತ್ತಿತ್ತು.

ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಬರೀ ಹೊಟ್ಟೆಯಲ್ಲಿ ಬ್ಲಾಕ್ ಟೀ ಜೊತೆ ತಗೊಳ್ಳೋದಕ್ಕಿಂತ ತುಪ್ಪವೋ ಎಣ್ಣೆಯೋ ಇರುವ ಊಟದ ಜೊತೆ, ಅಥವಾ ಕೆನೆ ಇರುವ ಹಾಲಿನ ಜೊತೆ ತಗೊಂಡರೆ ಮೈಗೆ ಚೆನ್ನಾಗಿ ಹತ್ತುತ್ತೆ. ಕುದಿಯುವ ಹಾಲು ಬೇಡ, ಉಗುರುಬೆಚ್ಚಗಿದ್ದರೆ ಸಾಕು.

ಸಸ್ಯಾಹಾರಿ ಮನೆಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ. ಮೆತ್ತನೆಯ ಕ್ಯಾಪ್ಸೂಲ್‌ನ ಹೊರಪದರ ಹೆಚ್ಚಾಗಿ ಜೆಲಟಿನ್, ಅಂದರೆ ಪ್ರಾಣಿಗಳ ಚರ್ಮ ಮೂಳೆಯಿಂದ ತೆಗೆದದ್ದು. ಪುಡಿಯಲ್ಲಿ ಆ ತಾಪತ್ರಯ ಇಲ್ಲ. ಡಿ3 ಅನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಉಣ್ಣೆ ತಾನೇ, ಕುರಿ ಬದುಕೇ ಇರುತ್ತೆ ಅಂತ ನಮ್ಮಮ್ಮ ಒಪ್ಪಿಕೊಂಡಳು. ಅದೂ ಬೇಡ ಅನ್ನುವವರಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಸಿಗುತ್ತೆ, ರೇಟು ಜಾಸ್ತಿ.

ಒಂದೇ ಸಲಕ್ಕೆ ದೊಡ್ಡ ಡೋಸ್, ಇಂಜೆಕ್ಷನ್

"ಒಂದು ಇಂಜೆಕ್ಷನ್ ಹಾಕಿಸಿಬಿಡಿ, ಆರು ತಿಂಗಳು ತಲೆನೋವಿಲ್ಲ" ಅನ್ನುವ ಮಾತು ಊರಲ್ಲೆಲ್ಲ ಕೇಳಿಬರುತ್ತೆ. 6 ಲಕ್ಷ ಯೂನಿಟ್‌ನ ಇಂಜೆಕ್ಷನ್ ನಮ್ಮಲ್ಲಿ ಸುಲಭವಾಗಿ ಸಿಗುತ್ತೆ. ಮಂಡಿನೋವಿಗೆ ಒಬ್ಬರು ಒಂದು ಹಾಕುತ್ತಾರೆ, ತಿಂಗಳು ಬಿಟ್ಟು ಬೆನ್ನುನೋವಿಗೆ ಇನ್ನೊಬ್ಬರು ಇನ್ನೊಂದು. ಇಬ್ಬರಿಗೂ ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿರಲ್ಲ. ವಿಟಮಿನ್ ಡಿ ವಿಷವಾಗುವ ದಾರಿಗಳಲ್ಲಿ ಇದೂ ಒಂದು.

ಇದು ಬರೀ ನನ್ನ ಹೆದರಿಕೆ ಅಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರ ಮೇಲೆ ಒಂದು ಅಧ್ಯಯನ ಮಾಡಿದರು. ಅರ್ಧ ಜನಕ್ಕೆ ವರ್ಷಕ್ಕೊಂದೇ ಸಲ 5 ಲಕ್ಷ ಯೂನಿಟ್, ಇನ್ನರ್ಧಕ್ಕೆ ಔಷಧಿ ಇಲ್ಲದ ಸುಳ್ಳು ಮಾತ್ರೆ. ಬೀಳೋದು, ಮೂಳೆ ಮುರಿಯೋದು ಕಡಿಮೆಯಾಗಬಹುದು ಅನ್ನೋ ಲೆಕ್ಕಾಚಾರ. 2010ರಲ್ಲಿ ಬಂದ ಫಲಿತಾಂಶ ತಲೆಕೆಳಗಾಗಿತ್ತು. ಡಿ ತಗೊಂಡವರೇ 15 ಪರ್ಸೆಂಟ್ ಜಾಸ್ತಿ ಬಿದ್ದಿದ್ದರು, 26 ಪರ್ಸೆಂಟ್ ಜಾಸ್ತಿ ಮೂಳೆ ಮುರಿದುಕೊಂಡಿದ್ದರು. ಅದರಲ್ಲೂ ಡೋಸ್ ತಗೊಂಡ ಮೊದಲ ಮೂರು ತಿಂಗಳಲ್ಲೇ ಜಾಸ್ತಿ. ಆಮೇಲೆ ಜ್ಯೂರಿಕ್‌ನಲ್ಲಿ, ಮೊದಲೇ ಒಮ್ಮೆ ಬಿದ್ದಿದ್ದ 200 ಹಿರಿಯರನ್ನು ಒಂದು ವರ್ಷ ನೋಡಿದರು. ತಿಂಗಳಿಗೆ 24,000 ತಗೊಂಡವರಲ್ಲಿ ಸುಮಾರು 48 ಪರ್ಸೆಂಟ್ ಜನ ಬಿದ್ದರೆ, ತಿಂಗಳಿಗೆ 60,000 ತಗೊಂಡವರಲ್ಲಿ ಸುಮಾರು 67 ಪರ್ಸೆಂಟ್. 60,000 ಅಂದರೆ ನಮ್ಮ ಪೊಟ್ಟಣವೇ, ಅಲ್ವಾ? ಹಾಗಂತ ಡಾಕ್ಟರು ಕೊರತೆ ನೋಡಿ ಕೊಟ್ಟ ಎಂಟು ವಾರದ ಕೋರ್ಸ್ ಬಿಸಾಕಬೇಡಿ, ಅದು ಬೇರೆ ಸಂಗತಿ. ಆದರೆ ಕೊರತೆ ಇಲ್ಲದವರಿಗೆ, ಈಗಾಗಲೇ ನಡಿಗೆ ತೂರಾಡುವವರಿಗೆ, ದಿನಕ್ಕೆ 800 ಅಥವಾ 1000ದ ಸಣ್ಣ ಮಾತ್ರೆಯೇ ವಾಸಿ. ಬೇಜಾರಿನ ಕೆಲಸ, ಗೊತ್ತು. ಬಿಪಿ ಮಾತ್ರೆ ದಿನಾ ತಗೊಳ್ಳೋರಿಗೆ ಅದರ ಪಕ್ಕ ಇನ್ನೊಂದು ಇಟ್ಟರೆ ಆಯ್ತು.

ಬಿಸಿಲಿನ ಮಾತು

ಬೆಳಿಗ್ಗೆ ಆರೂವರೆಗೆ ಎದ್ದು ಎಳೆಬಿಸಿಲು ಕಾಯಿಸಿಕೊಂಡರೆ ಡಿ ಬರುತ್ತೆ ಅನ್ನೋದು ನಮ್ಮ ಕಡೆ ಬಲವಾದ ನಂಬಿಕೆ. ಎಳೆಬಿಸಿಲು ಹಿತ, ಆದರೆ ಅದರಲ್ಲಿ ಡಿ ಮಾಡಿಸುವ ಕಿರಣ ಹೆಚ್ಚೂಕಡಿಮೆ ಇಲ್ಲ. ಬೆಂಗಳೂರಿನಷ್ಟೇ ಅಕ್ಷಾಂಶದಲ್ಲಿರುವ ತಿರುಪತಿಯಲ್ಲಿ ಮಾಡಿದ ಅಧ್ಯಯನಗಳಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗಿನ ಬಿಸಿಲಿಗೇ ಡಿ ಚೆನ್ನಾಗಿ ತಯಾರಾಗುತ್ತೆ ಅಂತ ಕಂಡಿದೆ. ಗಡಿಯಾರ ಬೇಡ, ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕೆಲಸಕ್ಕೆ ಬರುವ ಬಿಸಿಲು, ಉದ್ದವಾಗಿದ್ದರೆ ಬರೀ ಬೆಚ್ಚಗಿನ ಬಿಸಿಲು. ಕಿಟಕಿ ಗಾಜಿನ ಹಿಂದೆ ಕೂತರೆ ಏನೂ ಉಪಯೋಗವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತೆ. ಅಪಾರ್ಟ್‌ಮೆಂಟಿನ ಗಾಜು ಹಾಕಿದ ಬಾಲ್ಕನಿಯಲ್ಲಿ ದಿನಾ ಒಂದು ಗಂಟೆ ಕೂರುವ ಅತ್ತೆಯವರಿಗೆ ಇದನ್ನು ಹೇಳಿದರೆ ನಂಬಲೇ ಇಲ್ಲ.

ವಯಸ್ಸಾದ ಚರ್ಮ ಅದೇ ಬಿಸಿಲಿಗೆ ಹರೆಯದ ಚರ್ಮದ ಅರ್ಧದಷ್ಟನ್ನೂ ತಯಾರಿಸಲ್ಲ. ಕಪ್ಪು ಚರ್ಮಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಸೀರೆ, ಉದ್ದ ತೋಳಿನ ಕುಪ್ಪಸ, ತಲೆಗೆ ಸೆರಗು, ಇಷ್ಟರಲ್ಲಿ ಬಿಸಿಲು ಬೀಳೋದು ಮುಖ, ಮುಂಗೈಗೆ ಮಾತ್ರ. ಇನ್ನು ಏಪ್ರಿಲ್ ತಿಂಗಳಲ್ಲಿ 78ರ ಅಜ್ಜನನ್ನು ಮಧ್ಯಾಹ್ನ ಹನ್ನೆರಡಕ್ಕೆ ಟೆರೇಸಿಗೆ ಕಳಿಸೋದು ವಿಟಮಿನ್ ಹೆಸರಲ್ಲಿ ಬವಳಿ ಬರಿಸಿದ ಹಾಗೆ. ಹತ್ತು, ಹತ್ತೂವರೆಗೆ ಕಾಲು, ಕೈ ಬಿಟ್ಟುಕೊಂಡು ಹತ್ತಿಪ್ಪತ್ತು ನಿಮಿಷ ಓಡಾಡಲಿ. ಆಮೇಲೆ ನೆರಳಿಗೆ ಬಂದು ಮಜ್ಜಿಗೆ ಕುಡಿಯಲಿ. ಮಳೆಗಾಲದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ವಾರಗಟ್ಟಲೆ ಅದೂ ಸಿಗಲ್ಲ. ಹಾಗಾಗಿ ಬಿಸಿಲನ್ನೇ ಪೂರ್ತಿ ನಂಬಿಕೊಳ್ಳೋದು ಈ ವಯಸ್ಸಿನಲ್ಲಿ ಆಗದ ಮಾತು.

ಊಟದಲ್ಲೂ ಡಿ ಕಮ್ಮಿಯೇ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಯೂನಿಟ್. ಬಂಗುಡೆ, ಬೂತಾಯಿ ತಿನ್ನುವ ಕರಾವಳಿಯವರಿಗೆ ಸ್ವಲ್ಪ ಲಾಭ. ಪ್ಲಸ್ ಎಫ್ ಗುರುತಿರುವ ಹಾಲಿನಲ್ಲಿ ಲೀಟರಿಗೆ 200ರಿಂದ 300 ಯೂನಿಟ್ ಸೇರಿಸಿರುತ್ತಾರೆ, ಒಂದು ಲೋಟಕ್ಕೆ 50ರ ಆಸುಪಾಸು. "ರಾಗಿ ಮುದ್ದೆ ತಿಂತೀವಲ್ಲ, ನಮಗ್ಯಾಕೆ" ಅನ್ನುವವರಿಗೆ ಹೇಳಬೇಕಾದ್ದು ಇಷ್ಟೇ: ರಾಗಿಯಲ್ಲಿ ಇರೋದು ಕ್ಯಾಲ್ಸಿಯಂ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ವಿಟಮಿನ್ ಡಿ ಅದರಲ್ಲಿ ಇಲ್ಲ. ಆದರೆ ಮುದ್ದೆ ಬಿಡಬೇಡಿ, ಕ್ಯಾಲ್ಸಿಯಂ ಇಲ್ಲದೆ ಡಿ ಒಂದೇ ಏನೂ ಮಾಡಲ್ಲ.

ಯಾರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು

ಕಿಡ್ನಿ ತೊಂದರೆ ಇರುವವರು, ಕಿಡ್ನಿಯಲ್ಲಿ ಕಲ್ಲಾಗಿದ್ದವರು, ಟಿಬಿ ಅಥವಾ ಸಾರ್ಕಾಯ್ಡ್ (ಹೆಚ್ಚಾಗಿ ಶ್ವಾಸಕೋಶದಲ್ಲಿ ಸಣ್ಣ ಗಂಟುಗಳಾಗುವ ಕಾಯಿಲೆ) ಇರುವವರು, ರಕ್ತದಲ್ಲಿ ಕ್ಯಾಲ್ಸಿಯಂ ಮೊದಲೇ ಜಾಸ್ತಿ ಇರುವವರು. ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳುವವರು, ಬಿಪಿಗೆ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಇರುವ ಮಾತ್ರೆ ತಗೊಳ್ಳುವವರು. ಈ ಬಿಪಿ ಮಾತ್ರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗದಂತೆ ತಡೆಯುತ್ತೆ, ಇತ್ತ ಡಿ ಹೊಟ್ಟೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತೆ.

ನಮ್ಮಮ್ಮನ ಹಾಗೆ ಥೈರಾಯ್ಡ್ ಮಾತ್ರೆ ತಗೊಳ್ಳುವವರಾದರೆ ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಬೆಳಿಗ್ಗೆ ಥೈರಾಯ್ಡ್, ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ.

ಡಿ ಅತಿಯಾದರೆ ಏನಾಗುತ್ತೆ ಅಂದರೆ, ಕ್ಯಾಲ್ಸಿಯಂ ಏರುತ್ತೆ. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ವಾಂತಿ, ಊಟ ಸೇರದಿರೋದು, ಕೊನೆಗೆ ಮಂಕು, ಗೊಂದಲದ ಮಾತು. ವಯಸ್ಸಾದವರಲ್ಲಿ ಇದೆಲ್ಲವನ್ನೂ "ಅರಳುಮರಳು" ಅಂತ ತಳ್ಳಿಹಾಕೋದು ಸುಲಭ. ಡಿ ತಗೊಳ್ಳುತ್ತಿರುವವರಲ್ಲಿ ಇಂಥದ್ದು ಕಂಡರೆ ನಿಲ್ಲಿಸಿ, ಕ್ಯಾಲ್ಸಿಯಂ ಟೆಸ್ಟ್ ಮಾಡಿಸಿ, ಖಾಲಿ ಪೊಟ್ಟಣಗಳನ್ನೆಲ್ಲ ಜೊತೆಗೆ ಒಯ್ಯಿರಿ.

ಇದರಿಂದ ಏನು ಸಿಗುತ್ತೆ, ಏನು ಸಿಗಲ್ಲ

1992ರಲ್ಲಿ ಫ್ರಾನ್ಸಿನಿಂದ ಒಂದು ಅಧ್ಯಯನ ಬಂತು. ವೃದ್ಧಾಶ್ರಮಗಳಲ್ಲಿದ್ದ, ಸರಾಸರಿ 84 ವಯಸ್ಸಿನ 3,270 ಹೆಂಗಸರು. ದಿನಕ್ಕೆ 800 ಯೂನಿಟ್ ಡಿ ಜೊತೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ತಗೊಂಡವರಲ್ಲಿ ಒಂದೂವರೆ ವರ್ಷಕ್ಕೆ ಸೊಂಟದ ಮೂಳೆ ಮುರಿತ 43 ಪರ್ಸೆಂಟ್ ಕಡಿಮೆ. ಅದೇ ಅಮೆರಿಕದಲ್ಲಿ 25,871 ಜನರಿಗೆ, ಹೆಚ್ಚಿನವರಿಗೆ ಕೊರತೆಯೇ ಇಲ್ಲದವರಿಗೆ, ದಿನಕ್ಕೆ 2000 ಯೂನಿಟ್ ಕೊಡುವ ಅಧ್ಯಯನದಲ್ಲಿ ಹೃದಯಾಘಾತವೂ ಕಮ್ಮಿ ಆಗಲಿಲ್ಲ, ಕ್ಯಾನ್ಸರ್ ಬರೋದೂ ಕಮ್ಮಿ ಆಗಲಿಲ್ಲ, 2022ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೂಳೆ ಮುರಿತವೂ ಕಮ್ಮಿ ಆಗಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊರಗೆ ಹೋಗದ, ಸರಿಯಾಗಿ ಉಣ್ಣದ, ತೀರಾ ವಯಸ್ಸಾದವರಿಗೆ ಇದು ಔಷಧಿ. ದಿನಾ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುವ 62ರ ಅಂಕಲ್‌ಗೆ ಅಂಥಾ ಲಾಭವೇನಿಲ್ಲ.

ಮಂಡಿ ಸವೆದ ನೋವು ಇದರಿಂದ ಹೋಗಲ್ಲ. ಬೀಳೋದನ್ನು ತಡೆಯೋಕೆ ಪೊಟ್ಟಣಕ್ಕಿಂತ ಬಚ್ಚಲುಮನೆಯ ಗೋಡೆಗೆ ಹಾಕಿಸಿದ ಸ್ಟೀಲ್ ಹಿಡಿಕೆ ಹೆಚ್ಚು ಕೆಲಸ ಮಾಡುತ್ತೆ. ಸವೆದ ಹವಾಯಿ ಚಪ್ಪಲಿ ಬಿಸಾಕಿ, ರಾತ್ರಿ ಹಾದಿಗೆ ಒಂದು ಸಣ್ಣ ಲೈಟ್ ಹಾಕಿ, ಕಣ್ಣಿನ ಪೊರೆ ತೆಗೆಸಿ, ನಿದ್ದೆ ಮಾತ್ರೆ ಇದ್ದರೆ ಅದರ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಅಮ್ಮ ಈಗ ದಿನಾ ಸೀರಿಯಲ್ ಮಧ್ಯೆ ಅಡ್ವರ್ಟೈಸ್‌ಮೆಂಟ್ ಬಂದಾಗ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುತ್ತಾಳೆ.

ಮಕ್ಕಳ ಮನೆಗೆ ಹೊರದೇಶಕ್ಕೆ ಹೋಗುವವರಿಗೆ ಒಂದು ಮಾತು. ಲಂಡನ್ ಕಡೆ ಅಕ್ಟೋಬರ್‌ನಿಂದ ಮಾರ್ಚ್ ಶುರುವಿನವರೆಗೆ, ಬಾಸ್ಟನ್ ಕಡೆ ನವೆಂಬರ್‌ನಿಂದ ಫೆಬ್ರವರಿವರೆಗೆ, ಬಿಸಿಲು ಕಂಡರೂ ಅದರಲ್ಲಿ ಡಿ ಹುಟ್ಟಲ್ಲ. ಬ್ರಿಟನ್ನಿನಲ್ಲಿ ಆ ತಿಂಗಳುಗಳಲ್ಲಿ ಎಲ್ಲರಿಗೂ ದಿನಕ್ಕೆ 400 ಯೂನಿಟ್, ಕಪ್ಪು ಚರ್ಮದವರಿಗೆ ವರ್ಷವಿಡೀ ಅಂತ ಸರ್ಕಾರವೇ ಹೇಳುತ್ತೆ. ಹೋಗುವಾಗ ಸಣ್ಣ ಡೋಸಿನ ಮಾತ್ರೆ, ಚೀಟಿ ಸಮೇತ ಇಟ್ಟುಕೊಳ್ಳಿ. ಅಮೆರಿಕದ ಅಂಗಡಿಗಳಲ್ಲಿ 5000, 10,000 ಯೂನಿಟ್‌ನ ಬಾಟಲಿಗಳು ಚೀಟಿ ಇಲ್ಲದೆ ಸಿಗುತ್ತವೆ, ಮಕ್ಕಳು ಪ್ರೀತಿಯಿಂದ ತಂದುಕೊಡುತ್ತಾರೆ, ಬಾಟಲಿಯ ಮೇಲೆ ದಿನಕ್ಕೊಂದು ಅಂತಲೇ ಬರೆದಿರುತ್ತೆ. ನಮ್ಮಣ್ಣನೂ ಕಳಿಸಿದ್ದ, 5000ದ್ದು. ಡಾಕ್ಟರನ್ನು ಕೇಳಿ ವಾರಕ್ಕೆ ಎರಡು ಅಂತ ಇಳಿಸಿ, ಪೊಟ್ಟಣ ನಿಲ್ಲಿಸಿದೆವು. ಬಾಟಲಿ ಇನ್ನೂ ಮುಗಿದಿಲ್ಲ.